ಎದೆಮಟ್ಟದ ಗೋಡೆ

ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದಾಗ ನನಗೆ ಬೇಕಿದ್ದದ್ದು ಒಂದು ಬಕೆಟ್ ಬಿಸಿನೀರು, ಆಮೇಲೆ ಯಾರೂ ಮಾತಾಡಿಸದ ಒಂದು ಕೋಣೆ. ಭುಜದ ಚೀಲದಲ್ಲಿ ಹೆಲ್ಮೆಟ್ಟು, ಟಾರ್ಚು, ಬಿರುಕಿನ ಅಗಲ ಅಳೆಯುವ ಪ್ಲಾಸ್ಟಿಕ್ ಪಟ್ಟಿ, ಒಗೆಯದ ಬಟ್ಟೆ. ಎರಡು ವಾರ ಭೂಕಂಪವಾದ ಊರಿನಲ್ಲಿದ್ದೆ. ಕಟ್ಟಡಗಳ ಗಟ್ಟಿತನ ನೋಡಿ ಹೇಳುವ ಸಣ್ಣ ಕಚೇರಿಯೊಂದರಲ್ಲಿ ನನ್ನದು ಮೊದಲ ಕೆಲಸ. ಕಚೇರಿಯ ಮೇಡಮ್ ಮುಂದೆ, ನಾನು ಹಿಂದೆ. ಮನೆಯಿಂದ ಮನೆಗೆ ಹೋಗಿ, ಯಾವುದರೊಳಗೆ ಜನ ವಾಪಸು ಹೋಗಬಹುದು, ಯಾವುದರೊಳಗೆ ಕಾಲಿಡಬಾರದು ಎಂದು ಬಾಗಿಲ ಮೇಲೆ ಬಣ್ಣದ ಗುರುತು ಹಾಕುವುದು. ಹಸಿರೆಂದರೆ ಹೋಗಬಹುದು, ಹಳದಿಯೆಂದರೆ ರಿಪೇರಿಯಾದ ಮೇಲೆ, ಕೆಂಪೆಂದರೆ ಇಲ್ಲವೇ ಇಲ್ಲ. ಕೆಂಪು ಹಾಕುವ ಮನೆ ಬಂದಾಗ ಮಾತ್ರ ಮೇಡಮ್ ನನ್ನನ್ನು ಮುಂದೆ ಬಿಡುತ್ತಿದ್ದರು. "ಕಲಿತುಕೋ," ಎನ್ನುತ್ತಿದ್ದರು. ಬ್ರಷ್ಷನ್ನು ಡಬ್ಬಿಗೆ ಅದ್ದುತ್ತಿದ್ದಂತೆ ಬೆನ್ನ ಹಿಂದಿನಿಂದ ಯಾರೋ ಅಜ್ಜಿ ಮೆಲ್ಲಗೆ, "ಮಗಾ, ಹಳದಿ ಹಾಕೋಕಾಗಲ್ವಾ?" ಅನ್ನುತ್ತಿದ್ದಳು. ಅದಕ್ಕೆ ಉತ್ತರ ಯಾರೂ ನನಗೆ ಕಲಿಸಿರಲಿಲ್ಲ. ಕಿವಿ ಕೇಳದವಳ ಹಾಗೆ ಬಣ್ಣ ಬಳಿಯುತ್ತಿದ್ದೆ.

ನಮ್ಮ ಊರಿನಲ್ಲಿ ಆ ಭೂಕಂಪದ ದಿನ ದೀಪಗಳು ತೂಗಾಡಿ, ಪಾತ್ರೆ ಗಲಗಲ ಅಂದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ಭಯಕ್ಕೆ ಅಷ್ಟೇ ಸಾಕು. ನಾನು ಹೊರಡುವ ಮೊದಲೇ ನಮ್ಮ ಕಟ್ಟಡದ ನಿವಾಸಿಗಳು ನಮ್ಮ ಮೇಡಮ್ಮನ್ನೇ ಕರೆಸಿ ತೋರಿಸಿದ್ದರು. ನಮ್ಮದು ನಾಲ್ಕು ಮಹಡಿ, ಕೆಳಗೆ ಗಾಡಿ ನಿಲ್ಲಿಸಲು ಬರೀ ಕಂಬಗಳ ಮೇಲೆ ನಿಂತ ಖಾಲಿ ಜಾಗ. ಮೇಡಮ್ ಸುತ್ತ ನೋಡಿ, "ಮೇಲೆಲ್ಲ ಗೋಡೆ, ಕೆಳಗೆ ಗೋಡೆಯೇ ಇಲ್ಲ. ದಪ್ಪ ಮನುಷ್ಯ ಕಡ್ಡಿಕಾಲಿನ ಮೇಲೆ ನಿಂತ ಹಾಗಿದೆ. ನಾಲ್ಕು ಕಡೆ ನೆಲದಿಂದ ಸೂರಿನವರೆಗೆ ಕಾಂಕ್ರೀಟ್ ಗೋಡೆ ಎಬ್ಬಿಸಬೇಕು," ಅಂದಿದ್ದರು. ಅಂದಿದ್ದೇ ತಡ, ಯಾರ ಗಾಡಿಯ ಜಾಗ ಹೋಗುತ್ತದೆ ಎಂಬ ಜಗಳ ಶುರುವಾಯಿತು. ಜಗಳ ತಾರಕಕ್ಕೇರಿದ ಹೊತ್ತಿಗೆ ಆ ಊರಿನಿಂದ ಕರೆ ಬಂತು, ನಾನೂ ಮೇಡಮ್ಮೂ ಹೊರಟುಹೋದೆವು.

ಈಗ ಗೇಟು ತೆಗೆದು ಒಳಗೆ ಬಂದವಳು ಅಲ್ಲೇ ನಿಂತೆ. ಬೀದಿಯ ಕಡೆಯ ಕಂಬಗಳ ನಡುವೆ ಗೋಡೆ ಎದ್ದಿತ್ತು. ಹೊಸ ಗಿಲಾವು, ಇನ್ನೂ ಹಸಿ ಸಿಮೆಂಟಿನ ವಾಸನೆ. ನನ್ನ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿತ್ತು. ಅದರ ಮೇಲೆ ಸೂರಿನವರೆಗೆ ಖಾಲಿ, ಗಾಳಿ ಬೆಳಕಿಗೆ. ಎರಡೂ ತುದಿಯಲ್ಲಿ ಕಂಬಕ್ಕೆ ಒತ್ತಾಗಿ, ಕೂದಲು ತೂರದ ಹಾಗೆ ಸೇರಿಸಿ ಕಟ್ಟಿದ್ದರು. ನಾನು ಚೀಲ ಇಳಿಸಿ, ಗೋಡೆಯ ಮೇಲಂಚಿನಿಂದ ಸೂರಿನ ತೊಲೆಯವರೆಗೆ ಉಳಿದಿದ್ದ ಗಿಡ್ಡ ಕಂಬದ ಮೇಲೆ ಕೈಯಿಟ್ಟೆ. ಇಡಬಾರದಿತ್ತು, ಅಷ್ಟು ಹೊತ್ತು ನಿಂತದ್ದಕ್ಕೇ ಮೆಟ್ಟಿಲಿಳಿದು ಬರುತ್ತಿದ್ದ ಟೈಲರ್ ಅತ್ತೆಯ ಕಣ್ಣಿಗೆ ಬಿದ್ದೆ. ಎರಡನೇ ಮಹಡಿಯ ಅವರು ನನಗೆ ಸಂಬಂಧದಲ್ಲಿ ಅತ್ತೆಯಲ್ಲ, ಚಿಕ್ಕಂದಿನಿಂದ ನನ್ನ ಲಂಗ ಹೊಲಿದು ಹೊಲಿದು ಅತ್ತೆಯಾದವರು.

"ಬಂದ್ಯಾ ಬಿರುಕು ಮೇಡಮ್!" ಅಂದರು. ಈ ಕೆಲಸಕ್ಕೆ ಸೇರಿದಾಗಿನಿಂದ ಕಟ್ಟಡದಲ್ಲಿ ನನಗೆ ಅದೇ ಹೆಸರು. "ನೋಡು, ನಿಮ್ಮಮ್ಮನ ಕೈಚಳಕ. ನೀವು ಓದಿದವರು ಇಷ್ಟುದ್ದ ಖರ್ಚು ಹೇಳಿ ಹೋದ್ರಿ, ಸಿಸ್ಟರ್ ಒಂದೇ ವಾರದಲ್ಲಿ ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಮುಗಿಸಿಬಿಟ್ರು."

ಸಿಸ್ಟರ್ ಎಂದರೆ ನನ್ನ ಅಮ್ಮ. ಇಡೀ ಆಯುಷ್ಯ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು ನಿವೃತ್ತಳಾದವಳು. ಕಟ್ಟಡದಲ್ಲಿ ಅವಳ ಸೂಜಿ ಚುಚ್ಚಿಸಿಕೊಳ್ಳದ ತೋಳು ಇಲ್ಲ. ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯೂ ಅವಳೇ. ಅಮ್ಮ ಕೆಳದನಿಯಲ್ಲಿ "ಎಲ್ಲರೂ ಮನೆಗೆ ಹೋಗಿ," ಅಂದರೆ ಜಗಳವಾಡುತ್ತಿದ್ದವರು ಚಪ್ಪಲಿ ಹುಡುಕುತ್ತಾರೆ. ಅವಳ ಹೊಟ್ಟೆಯಲ್ಲಿ ನಾಲ್ಕು ಜನರೆದುರು ಬಾಯಿ ಬಿಡದ ನಾನು ಹೇಗೆ ಹುಟ್ಟಿದೆನೋ ಎಂದು ಟೈಲರ್ ಅತ್ತೆಗೆ ಈಗಲೂ ಆಶ್ಚರ್ಯ.

"ಚೆನ್ನಾಗಿದೆ ಅಲ್ವಾ?" ಅತ್ತೆ ಕೇಳಿದರು.

"ಹ್ಞಾಂ ಅತ್ತೆ... ಸುಸ್ತಾಗಿದೆ, ಆಮೇಲೆ ಬರ್ತೀನಿ," ಅಂದು ಮೆಟ್ಟಿಲು ಹತ್ತಿದೆ.

ಅಮ್ಮ ಬಿಸಿನೀರು ಕಾಸಿಟ್ಟಿದ್ದಳು. ಸ್ನಾನದ ಮನೆಯ ಬಾಗಿಲ ಹೊರಗೇ ನಿಂತು ಎರಡು ವಾರದ ಕಥೆ ಹೇಳಿದಳು. ನಾನು ಒಳಗೆ ನೀರು ಸುರಿದುಕೊಳ್ಳುತ್ತ ಕೇಳಿದೆ. ಅಧ್ಯಕ್ಷರು ತಮ್ಮ ಕಾರಿನ ಜಾಗ ಸತ್ತರೂ ಬಿಡೆ ಎಂದದ್ದು. (ಅಧ್ಯಕ್ಷರು ಮೇಲಿನ ಮಹಡಿಯವರು, ಬ್ಯಾಂಕಿನಿಂದ ನಿವೃತ್ತರು, ಸಂಘಕ್ಕೆ ಅಧ್ಯಕ್ಷರಾದ ಮೇಲೆ ಅವರನ್ನು ಯಾರೂ ಬೇರೆ ಹೆಸರಿನಿಂದ ಕರೆದಿಲ್ಲ.) ಮೂರು ಮನೆಯವರು ಮಾತು ಬಿಟ್ಟದ್ದು. ಕೊನೆಗೆ ಅಮ್ಮನಿಗೆ ಹೊಳೆದದ್ದು.

"ನಿಮ್ಮ ಮೇಡಮ್ ಏನಂದ್ರು? ಕೆಳಗೆ ಗೋಡೆ ಇಲ್ಲ, ಅದೇ ರೋಗ ಅಂದ್ರು. ಪೂರ್ತಿ ಗೋಡೆಗೆ ಇವರು ಒಪ್ಪಲ್ಲ. ಪೂರ್ತಿ ಮಾತ್ರೆ ನುಂಗದ ಮಗೂಗೆ ಏನ್ ಮಾಡ್ತೀವಿ? ಅರ್ಧ ಮುರಿದು ಕೊಡ್ತೀವಿ. ಪೂರ್ತಿ ಗುಣ ಆಗದಿದ್ರೆ ಅರ್ಧ ಗುಣ ಆಗ್ಲಿ. ಬೀದಿ ಕಡೆ ಯಾರ ಗಾಡಿಗೂ ಅಡ್ಡ ಬರಲ್ಲ. ಗೋಡೆ ಕಂಬಕ್ಕೆ ಭದ್ರವಾಗಿ ಅಂಟಿಕೊಂಡಿರ್ಲಿ ಅಂತ ಮೇಸ್ತ್ರಿ ಹತ್ತಿರ ನಿಂತು ಮಾಡಿಸಿದ್ದೀನಿ, ಗೊತ್ತಾ? ನಾಳೆ ಬೆಳಿಗ್ಗೆ ಕೆಳಗೆ ಎಲ್ಲರೂ ಸೇರಿ ಚಹಾ ಕುಡೀತಿದ್ದೀವಿ. ಆ ಮೂರು ಮನೆಯವರೂ ಬರ್ತಾರೆ."

ನಾನು ತಲೆಯ ಮೇಲೆ ನೀರು ಸುರಿದುಕೊಂಡೆ. ಹೊರಗೆ ಬಂದಾಗ ಅಮ್ಮನ ಮುಖ ನೋಡಿದೆ. ಕೆಲಸ ಬಿಟ್ಟ ಮೇಲೆ ಅವಳು ಇಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ಹೋದ ಮೇಲಂತೂ ಇಲ್ಲವೇ ಇಲ್ಲ.

ಊಟ ಮಾಡಿದೆ. ಅಮ್ಮ ಒಗೆದ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಮಡಿಸಲು ಕೂತಳು, ಅಂಚಿಗೆ ಅಂಚು, ವಾರ್ಡಿನ ಹೊದಿಕೆ ಮಡಿಸುವ ಹಾಗೆ. ನಾನೂ ಒಂದು ಟವಲು ಎತ್ತಿಕೊಂಡೆ. ಹೇಳಬೇಕಾದ ವಾಕ್ಯವನ್ನು ಬಸ್ಸಿನಲ್ಲಿ ಸೀಟು ಬದಲಾಯಿಸುವವರ ಹಾಗೆ ಒಳಗೇ ಹಿಂದೆ ಮುಂದೆ ಸರಿಸುತ್ತಿದ್ದೆ. ಎಲ್ಲ ಸೀಟೂ ಅನಾನುಕೂಲವೇ.

"ಅಮ್ಮ, ಅಲ್ಲೊಂದು ಶಾಲೆ ನೋಡಿದೆ," ಅಂದೆ.

"ಹೂಂ."

"ಕಿಟಕಿ ಕೆಳಗೆ ಅರ್ಧ ಗೋಡೆ. ಕಂಬದಿಂದ ಕಂಬಕ್ಕೆ. ಮೇಲೆ ಉದ್ದಕ್ಕೂ ಕಿಟಕಿ. ಕಟ್ಟಡ ಹೊಸದು, ಒಳ್ಳೆ ಸಿಮೆಂಟು, ಒಳ್ಳೆ ಕಬ್ಬಿಣ. ಆದರೂ ಆ ಸಾಲಿನ ಕಂಬ ಎಲ್ಲ ಒಡೆದು ಹೋಗಿದ್ವು. ಪುಣ್ಯಕ್ಕೆ ಅವತ್ತು ರಜೆ."

"ಅಯ್ಯೋ."

"ಎಲ್ಲೆಂದರಲ್ಲಿ ಒಡೆದಿರಲಿಲ್ಲಮ್ಮ. ಗೋಡೆ ಇರೋ ಕಡೆ ಒಂದು ಗೆರೆ ಕೂಡ ಇಲ್ಲ. ಗೋಡೆ ಮುಗಿದು ಕಿಟಕಿ ಶುರುವಾಗುತ್ತಲ್ಲ, ಆ ಗೇಣುದ್ದದಲ್ಲೇ... ಎಲ್ಲದರಲ್ಲೂ, ಒಂದೇ ಕಡೆ. ಓರೆಯಾಗಿ ಸೀಳಿ ಒಳಗಿನ ಕಬ್ಬಿಣ ಹೊರಗೆ ಬಂದಿತ್ತು."

ಅಮ್ಮನ ಕೈ ನಿಂತಿತು. ನಾನು ಟವಲಿನ ಅಂಚು ನೋಡುತ್ತ ಮುಂದುವರಿಸಿದೆ. "ಉದ್ದ ಕಂಬ ಅಲುಗಿದಾಗ ಬಾಗುತ್ತೆ. ಅದರ ಕೆಳಗಿನ ಭಾಗನ ಗೋಡೆ ಹಿಡಿದುಕೊಂಡುಬಿಟ್ಟರೆ ಮೇಲೆ ಉಳಿದ ಗಿಡ್ಡ ತುಂಡಿಗೆ ಬಾಗೋಕೆ ಜಾಗ ಇರಲ್ಲ. ಎಲ್ಲ ಭಾರ ಅದರ ಮೇಲೇ..."

"ಪ್ಲಾಸ್ಟರ್ ಹಾಕಿದ ಕಾಲು," ಅಂದಳು ಅಮ್ಮ.

"ಏನು?"

"ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಹೋದವನು ಮೆಟ್ಟಿಲಲ್ಲಿ ಮತ್ತೆ ಬಿದ್ದು ಬರ್ತಾನೆ. ಪ್ಲಾಸ್ಟರ್ ಒಳಗೆ ಏನೂ ಆಗಿರಲ್ಲ. ಅದರ ಅಂಚಿನ ಮೇಲೆ ಮುರಿದಿರುತ್ತೆ." ಆಮೇಲೆ, "ಅಂದ್ರೆ ನಾನು ಕಟ್ಟಿಸಿದ್ದು ಅರ್ಧ ಗುಣ ಅಲ್ಲ," ಅಂದಳು.

"ಅಲ್ಲ."

"ಮೊದಲಿದ್ದದ್ದಕ್ಕಿಂತ..."

"ಹ್ಞೂಂ. ಕೆಟ್ಟದ್ದು."

ಅವಳು ಮತ್ತೆ ಮಡಿಸತೊಡಗಿದಳು. ನನ್ನ ಕೈಯಲ್ಲಿದ್ದ ಟವಲನ್ನು ಕಿತ್ತುಕೊಂಡು, ನಾನು ಮಡಿಸಿದ್ದನ್ನು ಬಿಚ್ಚಿ, ಸರಿಯಾಗಿ ಮಡಿಸಿದಳು.

"ಏನ್ ಮಾಡ್ಬೇಕು?"

"ಕಂಬದ ಎರಡೂ ಬದಿ ಗೋಡೆ ಕೊಯ್ದು ಬಿಡಿಸಬೇಕು. ಮಧ್ಯದ ಗೋಡೆ ಒಂಟಿಯಾಗಿ ನಿಂತರೆ ಅದೇ ಯಾರ ಮೇಲಾದರೂ ಬೀಳುತ್ತೆ, ಅದನ್ನೂ ಮೊಣಕಾಲಿನ ಮಟ್ಟಕ್ಕೆ ಇಳಿಸಬೇಕು."

"ಅಂದ್ರೆ ಕೆಡವಬೇಕು ಅನ್ನು. ಸುತ್ತಿ ಬಳಸಿ ಯಾಕೆ ಹೇಳ್ತೀಯಾ?"

ನಾನು ಇನ್ನೊಂದು ಟವಲು ಎತ್ತಿಕೊಂಡೆ.

"ನಾಳೆ ಚಹಾ ಮುಗೀಲಿ," ಅಂದಳು. ದನಿ ಎತ್ತಲಿಲ್ಲ. "ಆ ಮೂರು ಮನೆಯವರು ಒಂದು ಸಲ ಒಟ್ಟಿಗೆ ಕೂರಲಿ. ನಾಡಿದ್ದು ನಾನೇ ಹೇಳ್ತೀನಿ. ಇಷ್ಟು ದಿನ ನಿಂತ ಗೋಡೆ, ಇನ್ನೊಂದು ದಿನ ನಿಲ್ಲುತ್ತೆ."

ಮತ್ತೆ ಅಲುಗುವ ನೆಲಕ್ಕೆ ನಮ್ಮ ಚಹಾದ ಹೊತ್ತು ಗೊತ್ತಿಲ್ಲ ಅನ್ನಬಹುದಿತ್ತು. ಆ ಊರಿನಲ್ಲಿ ನಾವಿದ್ದಾಗಲೇ ಎರಡು ಸಲ ಹಾಗೆ ಅಲುಗಿತ್ತು. ಆದರೆ ನನ್ನ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿತ್ತು, ಅಮ್ಮ ನನ್ನಲ್ಲಿ ಏನನ್ನೂ ಕೇಳಿದವಳಲ್ಲ. "ಆಯ್ತಮ್ಮ," ಅಂದೆ.

ಬೆಳಿಗ್ಗೆ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಗಾಡಿಗಳನ್ನೆಲ್ಲ ಬೀದಿಗೆ ತಳ್ಳಿದ್ದರು. ಚಹಾದ ದೊಡ್ಡ ಫ್ಲಾಸ್ಕನ್ನು ಹೊಸ ಗೋಡೆಯ ಮೇಲೆಯೇ ಇಟ್ಟಿದ್ದರು, ಪಕ್ಕದಲ್ಲಿ ಬಿಸ್ಕತ್ತಿನ ತಟ್ಟೆ. ಎತ್ತರ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಮಾತು ಬಿಟ್ಟಿದ್ದ ಮೂರು ಮನೆಯವರೂ ಬಂದಿದ್ದರು. ಇಬ್ಬರು ಸಕ್ಕರೆ ಜಾಸ್ತಿಯಾಯಿತೆಂದು ಒಟ್ಟಿಗೆ ದೂರುತ್ತಿದ್ದರು, ಅಂದರೆ ರಾಜಿಯಾಗಿತ್ತು. ಗೋಡೆ ಕಟ್ಟಿದ ಮೇಸ್ತ್ರಿಯನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವನು ಇಸ್ತ್ರಿ ಹಾಕಿದ ಅಂಗಿಯಲ್ಲಿ ಯಾರದೋ ಮದುವೆಗೆ ಬಂದವನ ಹಾಗೆ ಮುದುಡಿದ್ದ. ನಾನು ಹಿಂದೆ, ಮೀಟರ್ ಪೆಟ್ಟಿಗೆಯ ಪಕ್ಕ ನಿಂತೆ.

ಅಧ್ಯಕ್ಷರು ಎದ್ದರು. ಅವರು ಎದ್ದರೆ ಕೂರುವುದು ತಡ. ಜನ ಎರಡನೇ ಲೋಟ ತುಂಬಿಸಿಕೊಂಡರು.

"ಓದಿದ ತಜ್ಞರು ನಮ್ಮನ್ನ ಹೆದರಿಸಿದ್ರು," ಅಂದರು. "ಹೆದರಿಕೆಗೆ ಒಂದು ರೇಟು ಇಟ್ಟಿದ್ರು. ನಮ್ಮ ಸಿಸ್ಟರ್ ಹೆದರಲಿಲ್ಲ. ಹಾಗಾಗಿ ಸಂಘದ ಪರವಾಗಿ ಎರಡು ತೀರ್ಮಾನ. ಒಂದು, ಆ ಕಾಂಕ್ರೀಟ್ ಗೋಡೆ ಸಹವಾಸ ನಮಗೆ ಬೇಡ ಅಂತ ತಜ್ಞರಿಗೆ ತಿಳಿಸೋದು. ಎರಡು, ನಾಳೆಯಿಂದಲೇ ಮೇಸ್ತ್ರಿ ಹಿಂದಿನ ಸಾಲಿನ ಕಂಬಗಳಿಗೂ ಇದೇ ಅಳತೆ ಗೋಡೆ ಕಟ್ಟೋದು. ಇಟ್ಟಿಗೆ ಮಧ್ಯಾಹ್ನ ಬರುತ್ತೆ."

ಚಪ್ಪಾಳೆ ಬಿತ್ತು. ನಾನು ಅಮ್ಮನನ್ನು ನೋಡಿದೆ. ಅವಳು ಲೋಟದೊಳಗೆ ನೋಡುತ್ತಿದ್ದಳು. ಹಿಂದಿನ ಸಾಲಿನ ವಿಷಯ ಅವಳಿಗೂ ಗೊತ್ತಿರಲಿಲ್ಲವೆಂದು ಅವಳ ಸೆಟೆದ ಕತ್ತಿನಿಂದಲೇ ತಿಳಿಯಿತು.

"ನಮ್ಮ ಬಿರುಕು ಮೇಡಮ್ಮೂ ಬಂದಿದ್ದಾಳೆ," ಅಂದರು ಟೈಲರ್ ಅತ್ತೆ. "ಬಾರೇ, ಎರಡು ಮಾತಾಡು. ನಿಮ್ಮ ಆಫೀಸ್ ಸೋತಿದ್ದಕ್ಕೆ ಬೇಜಾರು ಮಾಡ್ಕೋಬೇಡ."

ಎಲ್ಲರೂ ನಕ್ಕರು, ಎಲ್ಲರೂ ತಿರುಗಿದರು. ಇಷ್ಟು ಮುಖಗಳು ಒಟ್ಟಿಗೆ ತಿರುಗಿದರೆ ನನಗೆ ನಾಲಿಗೆ ಇರುವ ಜಾಗವೇ ಮರೆತುಹೋಗುತ್ತದೆ. "ಇಲ್ಲ... ಅದು... ಗೋಡೆ..." ಅಂದೆ.

"ಜೋರಾಗಿ!"

"ಗೋಡೆ ಚೆನ್ನಾಗಿದೆ. ಕೆಲಸ ಚೆನ್ನಾಗಿದೆ. ಆದ್ರೆ ಅದು ಕಂಬಕ್ಕೆ... ಅಂದ್ರೆ ಇರೋದು ಒಳ್ಳೇದೇ, ಪೂರ್ತಿ ಇದ್ದಿದ್ರೆ..."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಮ್ಮ," ಅಂದರು ಅಧ್ಯಕ್ಷರು. "ಒಳ್ಳೇದಾ, ಕೆಟ್ಟದ್ದಾ?"

"ಕೆಟ್ಟದ್ದು," ಅಂದೆ. ದನಿ ನನ್ನದಲ್ಲದ ಹಾಗೆ ಗಟ್ಟಿಯಾಗಿ ಬಂತು. "ನೆಲ ಜೋರಾಗಿ ಅಲುಗಿದ್ರೆ ಈ ಕಂಬಗಳು ಇಲ್ಲಿ ಒಡೆಯುತ್ತವೆ." ಫ್ಲಾಸ್ಕಿನ ಪಕ್ಕದ ಕಂಬದ ಹತ್ತಿರ ಹೋಗಿ ತೋರಿಸಿದೆ. "ಇಲ್ಲಿಂದ ಇಲ್ಲಿವರೆಗೆ. ಆಮೇಲೆ ಮೇಲಿನ ನಾಲ್ಕು ಮಹಡಿಯೂ ಕೆಳಗೆ ಬರುತ್ತೆ. ಹಿಂದೆ ಕಟ್ಟಬೇಡಿ. ಇದನ್ನೂ ತೆಗೀಬೇಕು. ನಾನು ಇಂಥದ್ದೇ ಕಂಬಗಳನ್ನ ನೋಡಿ ಬಂದಿದ್ದೀನಿ."

ಎಲ್ಲರೂ ಒಟ್ಟಿಗೇ ಮಾತಾಡಿದರು.

"ಗೋಡೆ ಇಲ್ಲ ಅಂದವರೂ ನೀವೇ, ಗೋಡೆ ಬೇಡ ಅನ್ನೋರೂ ನೀವೇ!"

"ಆಫೀಸಿನ ವ್ಯಾಪಾರ ತಪ್ಪಿತಲ್ಲ, ಅದಕ್ಕೆ."

"ಮೇಸ್ತ್ರಿ, ನೀನು ಹೇಳಪ್ಪ, ಬೀಳುತ್ತಾ?"

"ನಾನು ಕಟ್ಟಿದ ಗೋಡೆ ಬೀಳಲ್ಲ ಸ್ವಾಮಿ," ಅಂದ ಮೇಸ್ತ್ರಿ.

"ಗೋಡೆ ಬೀಳಲ್ಲ," ಅಂದೆ. "ಅದೇ ತೊಂದರೆ. ಅದು ಬೀಳಲ್ಲ, ಬಿಡಲ್ಲ. ಕಂಬ ಒಡೆಯುತ್ತೆ."

ಯಾರಿಗೂ ಅರ್ಥವಾಗಲಿಲ್ಲ. ಮೇಸ್ತ್ರಿ ಅವಮಾನದಿಂದ ಅಂಗಿಯ ತೋಳು ಎಳೆದುಕೊಂಡ. ಅಧ್ಯಕ್ಷರು ಎರಡೂ ಕೈ ಎತ್ತಿ ಸದ್ದಡಗಿಸಿ ಅಮ್ಮನ ಕಡೆ ತಿರುಗಿದರು. ಅವರ ಮುಖದಲ್ಲಿ ನಗು ಇತ್ತು. "ಸಿಸ್ಟರ್, ನಿಮ್ಮ ಹೊಟ್ಟೇಲಿ ಹುಟ್ಟಿದವಳೇ ಹೀಗಂತಾಳಲ್ಲ? ನೀವೇ ಹೇಳಿ. ನೀವು ಹೇಳಿದ ಹಾಗೇ ಆಗ್ಲಿ."

ಅಮ್ಮ ಲೋಟವನ್ನು ಕುರ್ಚಿಯ ಕೆಳಗಿಟ್ಟು ಎದ್ದಳು. ಸೆರಗು ಸರಿಮಾಡಿಕೊಂಡಳು. ಅವಳು ಏನು ಹೇಳುತ್ತಾಳೋ ನನಗೆ ನಿಜವಾಗಿ ಗೊತ್ತಿರಲಿಲ್ಲ. ಅವಳು ಅಲ್ಲವೆಂದರೆ ಅಲ್ಲಿಗೆ ಮುಗಿಯಿತು. ನನ್ನ ಮಾತಿಗೆ ಆ ಕಟ್ಟಡದಲ್ಲಿ ಇನ್ನು ಬೆಲೆಯಿರುವುದಿಲ್ಲ, ಮಧ್ಯಾಹ್ನ ಇಟ್ಟಿಗೆ ಇಳಿಯುತ್ತದೆ. ಅವಳು ಹೌದೆಂದರೆ ಅವಳಿಗೆ ಉಳಿಯುವುದೇನು?

"ಅವಳು ನಿನ್ನೆಯೇ ನನಗೆ ಹೇಳಿದ್ಳು," ಅಂದಳು ಅಮ್ಮ. "ಇವತ್ತಿನ ಚಹಾ ಮುಗೀಲಿ ಅಂತ ನಾನೇ ಬಾಯಿ ಮುಚ್ಚಿಸಿದೆ."

ಯಾರೋ ಬಿಸ್ಕತ್ತು ಕಡಿದ ಸದ್ದು ಕೇಳಿಸಿತು.

"ವಾರ್ಡಿನಲ್ಲಿ ಹೊಸ ಹುಡುಗಿಯರು ಬಂದಾಗ ನಾನೇ ಹೇಳ್ತಿದ್ದೆ. ತಪ್ಪು ಔಷಧಿ ಕೊಟ್ಟದ್ದು ಗೊತ್ತಾದ ತಕ್ಷಣ ಮೊದಲು ಬಾಯಿ ಬಿಡಬೇಕು, ಅಳೋದೆಲ್ಲ ಆಮೇಲೆ ಅಂತ. ನಾನು ಒಂದು ರಾತ್ರಿ ತಡ ಮಾಡಿದ್ದೀನಿ. ಮೇಸ್ತ್ರಿದು ತಪ್ಪಿಲ್ಲ, ಅವನು ನಾನು ಹೇಳಿದ ಹಾಗೆ ಕಟ್ಟಿದ್ದಾನೆ. ಗೋಡೆ ಇವತ್ತೇ ಬಿಡಿಸ್ತಾರೆ. ಇಟ್ಟಿಗೆ ಬೇಡ ಅಂತ ಫೋನ್ ಮಾಡಿ. ಇಷ್ಟೇ. ಎಲ್ಲರೂ ಮನೆಗೆ ಹೋಗಿ."

ಈ ಸಲ ಯಾರೂ ಚಪ್ಪಲಿ ಹುಡುಕಲಿಲ್ಲ. "ಮನೆಯಲ್ಲೇ ಮಾತಾಡಿಕೊಂಡು ಬರಬಾರದಿತ್ತಾ," ಅಂದರು ಒಬ್ಬರು. "ನಮ್ಮನ್ನೇನು ಗೊಂಬೆ ಆಡಿಸ್ತಿದ್ದಾರಾ ತಾಯಿ ಮಗಳು," ಅಂದರು ಇನ್ನೊಬ್ಬರು, ಅಮ್ಮನಿಗೆ ಕೇಳಲಿ ಎಂದೇ. ರಾಜಿಯಾಗಿದ್ದ ಇಬ್ಬರು ಬೇರೆ ಬೇರೆ ದಾರಿ ಹಿಡಿದು ಮೆಟ್ಟಿಲ ಬಳಿ ಒಬ್ಬರು ಹೋಗುವವರೆಗೆ ಇನ್ನೊಬ್ಬರು ಕಾದು ಹತ್ತಿದರು. ಅಧ್ಯಕ್ಷರು ಫೋನು ಕಿವಿಗಿಟ್ಟುಕೊಂಡು, ಅಮ್ಮನ ಕಡೆ ನೋಡದೆ ಮೆಟ್ಟಿಲು ಹತ್ತಿದರು. ಟೈಲರ್ ಅತ್ತೆ ಮಾತ್ರ ಉಳಿದ ಬಿಸ್ಕತ್ತನ್ನು ಡಬ್ಬಿಗೆ ತುಂಬುತ್ತ, "ಮಾತಾಡದವಳು ಒಂದು ಸಲ ಮಾತಾಡಿದ್ರೆ ಊರೇ ಎದ್ದು ಹೋಗುತ್ತೆ ನೋಡು," ಅಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ.

ಮಧ್ಯಾಹ್ನ ಮೇಸ್ತ್ರಿ ಇಸ್ತ್ರಿಯ ಅಂಗಿ ಬಿಚ್ಚಿಟ್ಟು, ಕೊಯ್ಯುವ ಮಿಷನ್ನು ತಂದ. ನಾನು ಕಂಬಕ್ಕೆ ತಾಗದ ಹಾಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟೆ. ಅಮ್ಮ ಕುರ್ಚಿ ಹಾಕಿಕೊಂಡು ಧೂಳಿನಲ್ಲೇ ಕೂತಳು. ಮೂಗಿಗೆ ಸೆರಗು ಕಟ್ಟಿಕೊಂಡಿದ್ದರಿಂದ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಮೊದಲ ಇಟ್ಟಿಗೆ ಬಿದ್ದಾಗ ಮೇಸ್ತ್ರಿ ಅವಳ ಕಡೆ ನೋಡಿದ. "ನಿಲ್ಲಿಸಬೇಡ," ಅಂದಳು.

ಕೊಯ್ಯುವುದು ನಾನಂದುಕೊಂಡದ್ದಕ್ಕಿಂತ ನಿಧಾನ. ಭದ್ರವಾಗಿರಲೆಂದು ಅಮ್ಮ ನಿಂತು ಮಾಡಿಸಿದ ಅಂಟು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಕಂಬವೂ ಬಿಡುಗಡೆಯಾಯಿತು. ಗೋಡೆಯಲ್ಲಿ ಉಳಿದದ್ದು ಮೊಣಕಾಲೆತ್ತರದ ತುಂಡುಗಳು, ಎರಡೂ ತುದಿಯಲ್ಲಿ ಬೆರಳು ತೂರುವಷ್ಟು ಸಂದು. ಮೇಸ್ತ್ರಿ ಕೈ ತೊಳೆದುಕೊಂಡು ಹೋದ. ನಾನು ಸಂದಿನೊಳಗೆ ಟಾರ್ಚು ಬಿಟ್ಟು, ಎಲ್ಲಾದರೂ ಸಿಮೆಂಟು ಕಚ್ಚಿಕೊಂಡಿದೆಯೇ ಎಂದು ಒಂದೊಂದೇ ನೋಡುತ್ತ ಬಂದೆ.

"ಈಗ ಸರಿಯಾಯ್ತಾ?" ಅಮ್ಮ ಕೂತಲ್ಲಿಂದಲೇ ಕೇಳಿದಳು.

ಹೌದು ಅಂದುಬಿಡೋಣವೆನಿಸಿತು. ಅವಳ ಕೂದಲಲ್ಲಿ, ಹುಬ್ಬಿನಲ್ಲಿ ಕೆಂಪು ಧೂಳು ಕೂತಿತ್ತು.

"ಇಲ್ಲಮ್ಮ. ಮೊದಲು ಹೇಗಿತ್ತೋ ಹಾಗಾಯ್ತು. ಕಡ್ಡಿಕಾಲು."

ಅಮ್ಮ ನಕ್ಕಳು, ಆದರೆ ಉಸಿರಿನಷ್ಟೇ. "ಇಷ್ಟೆಲ್ಲ ಕುಣಿದು ಹೊರಟಲ್ಲಿಗೇ ಬಂದ್ವಾ?"

"ಹ್ಞೂಂ."

"ಪೂರ್ತಿ ಗೋಡೆ ಎಲ್ಲಿ ಬರ್ಬೇಕು, ತೋರಿಸು."

ನಾನು ಹೋಗಿ ನಿಂತು ನಿಂತು ತೋರಿಸಿದೆ. ಹಿಂದಿನ ಎರಡು ಮೂಲೆ. ಮೆಟ್ಟಿಲ ಪಕ್ಕ, ನಮ್ಮ ಸ್ಕೂಟರ್ ನಿಲ್ಲುವ ಜಾಗ. ಆಮೇಲೆ ಮುಂದಿನ ಎಡಗಡೆ, ಬೀದಿಯ ಸಾಲಿನಿಂದ ಒಳಕ್ಕಿರುವ ಎರಡು ಕಂಬಗಳ ನಡುವೆ. ಅಲ್ಲಿ ಬೀದಿಯಿಂದ ವಾಪಸು ಬಂದ ಅಧ್ಯಕ್ಷರ ಕಾರು ಹೊದಿಕೆ ಹೊದ್ದು ನಿಂತಿತ್ತು.

"ಇದನ್ನ ಬಿಟ್ಟು ಬೇರೆ ಕಡೆ ಆಗಲ್ವಾ?"

"ಮೇಡಮ್ಮೂ ನೋಡಿದ್ರು, ನಾನೂ ನೋಡಿದೆ. ಒಂದೇ ಕಡೆ ಗಟ್ಟಿ ಮಾಡಿದ್ರೆ ಕಟ್ಟಡ ತಿರುಚಿಕೊಳ್ಳುತ್ತೆ. ಇಲ್ಲಿ ಬೇಕೇ ಬೇಕು."

ಅಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು. ಸೊಂಟ ಹಿಡಿದುಕೊಂಡಿತ್ತು, ನಾನು ತೋಳು ಕೊಟ್ಟೆ. ಇಬ್ಬರೂ ಮೆಟ್ಟಿಲು ಹತ್ತಿದೆವು. ನಮ್ಮ ಮಹಡಿ ಬಂದಾಗ ಅವಳು ನಿಲ್ಲಲಿಲ್ಲ.

"ಎಲ್ಲಿಗೆ?"

"ಮೇಲಕ್ಕೆ. ಇವತ್ತೇ ಹೋಗ್ಬೇಕು. ನಾಳೆ ಅಂದ್ರೆ ನನಗೆ ಧೈರ್ಯ ಬರಲ್ಲ."

ಅಮ್ಮನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಇವತ್ತು ಅವರು ನಿನ್ನ ಮಾತು ಕೇಳಲ್ಲಮ್ಮ," ಅಂದೆ.

"ಅದಕ್ಕೇ ನಾನು ಬೆಲ್ ಒತ್ತೋಕೆ ಬರ್ತಿರೋದು. ಮಾತಾಡೋಳು ನೀನು."

ಮೇಲಿನ ಮಹಡಿಯಲ್ಲಿ ಅವಳು ಉಸಿರು ತೆಗೆದುಕೊಳ್ಳಲು ಗೋಡೆಗೆ ಒರಗಿದಳು, ಆಮೇಲೆ ಬೆಲ್ ಒತ್ತಿದಳು. ಒಳಗೆ ಟೀವಿಯ ಸದ್ದು ಕಡಿಮೆಯಾಯಿತು. ಬಾಗಿಲು ತೆಗೆದವರು ಅಧ್ಯಕ್ಷರೇ. ನನ್ನನ್ನು ನೋಡಲಿಲ್ಲ, ಧೂಳು ಮೆತ್ತಿದ ಅಮ್ಮನನ್ನು ನೋಡಿದರು. ಅಮ್ಮ ತಲೆ ಬಗ್ಗಿಸಿ ಚಪ್ಪಲಿ ಬಿಚ್ಚುತ್ತ ಬಹಳ ಹೊತ್ತು ತೆಗೆದುಕೊಂಡಳು.

"ನಿಮ್ಮ ಕಾರಿನ ಜಾಗದ ವಿಷಯ ಅಂಕಲ್," ಅಂದೆ.